ಬರೇ ಮಾತಾಡಿದ್ರ ಕಡಿಮಿ ಆಗ್ತೈತೇನು?

ನಮ್ಮ ಕಡೆ ಯಾರಾದರೂ ಸ್ವಲ್ಪ ಬೇರೆ ಥರ ನಡೆದುಕೊಂಡರೆ ಸಾಕು, ‘ಇವನ್ನ ಧಾರವಾಡಕ್ಕ ಕಳಸ್ಬೇಕು’ ಅಂದುಬಿಡುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲೇ ಹೋಗಿ, ಈ ತಮಾಷೆಗೆ ವಿವರಣೆ ಬೇಕಿಲ್ಲ. ಇಲ್ಲಿ ಧಾರವಾಡ ಅಂದರೆ ಬೇಂದ್ರೆ ಅಜ್ಜನೂ ಅಲ್ಲ, ಪೇಡೆಯೂ ಅಲ್ಲ. 1845ರಲ್ಲಿ ಶುರುವಾದ ಮಾನಸಿಕ ಆಸ್ಪತ್ರೆ. ಆ ಆಸ್ಪತ್ರೆ ಈಗ ಡಿಮ್ಹಾನ್ಸ್ ಎಂಬ ದೊಡ್ಡ ಸಂಸ್ಥೆಯಾಗಿದೆ. ತಮಾಷೆ ಮಾತ್ರ ಅಲ್ಲೇ ನಿಂತಿದೆ.

ನಾನು ಅದೇ ಧಾರವಾಡದಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಯಲಬುರ್ಗಾ ತಾಲ್ಲೂಕಿನ ನಮ್ಮೂರಿಗೆ ಬಂದಾಗ, ಕಟ್ಟೆ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಕೇಳಿದ್ದು: ‘ಹುಚ್ಚರ ಡಾಕ್ಟರ್ ಆದಿ ಅನ್ನು. ಗುಳಿಗಿ ಕೊಡ್ತಿಯೇನು?’ ಇಲ್ಲ ಅಂದೆ. ‘ಸೂಜಿ?’ ಅದೂ ಇಲ್ಲ. ‘ಮತ್ತೇನು, ಬರೇ ಮಾತಾಡ್ತಿಯಾ? ಬರೇ ಮಾತಾಡಿದ್ರ ಕಡಿಮಿ ಆಗ್ತೈತೇನು?’

ಕಟ್ಟೆಯವರೆಲ್ಲ ನಕ್ಕರು. ಆದರೆ ಇದು ದಡ್ಡ ಪ್ರಶ್ನೆಯಲ್ಲ. ಸುಮಾರು ತೊಂಬತ್ತು ವರ್ಷಗಳಿಂದ ಜಗತ್ತಿನ ದೊಡ್ಡ ದೊಡ್ಡ ಸಂಶೋಧಕರು ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ. ಮಾತಿನ ಚಿಕಿತ್ಸೆ, ಅಂದರೆ ಸೈಕೋಥೆರಪಿ, ಕೆಲಸ ಮಾಡುತ್ತದೆಯೇ? ಮಾಡಿದರೆ ಅದರೊಳಗಿನ ಯಾವ ಅಂಶ ಕೆಲಸ ಮಾಡುತ್ತದೆ?

ಎಲ್ಲರಿಗೂ ಬಹುಮಾನ

ಥೆರಪಿಯಲ್ಲಿ ನೂರಾರು ಪಂಥಗಳಿವೆ. ಫ್ರಾಯ್ಡ್ ಬಾಲ್ಯವನ್ನು ಕೆದಕಿದ. ಕಾರ್ಲ್ ರೋಜರ್ಸ್, ಎದುರಿಗಿರುವ ವ್ಯಕ್ತಿಯನ್ನು ತೀರ್ಪು ಕೊಡದೆ ಪೂರ್ತಿ ಒಪ್ಪಿಕೊಂಡು ಕೇಳಿಸಿಕೊಳ್ಳಿ ಎಂದ. ಆ್ಯರನ್ ಬೆಕ್ 1960ರ ದಶಕದಲ್ಲಿ, ನಮ್ಮ ದುಃಖದ ಹಿಂದೆ ತಪ್ಪು ಯೋಚನಾ ಕ್ರಮವಿದೆ, ಅದನ್ನು ಪರೀಕ್ಷಿಸಿ ನೋಡೋಣ ಎಂದ. ಇವತ್ತು ಎಲ್ಲರ ಬಾಯಲ್ಲಿರುವ ಸಿಬಿಟಿ ಹುಟ್ಟಿದ್ದು ಅಲ್ಲಿ. ಪ್ರತಿ ಪಂಥದವರೂ ನಮ್ಮದೇ ಸರಿ ಎಂದು ವಾದಿಸಿದರು. ನಮ್ಮ ಕೋಚಿಂಗ್ ಸೆಂಟರ್‌ಗಳು ಪಾಂಪ್ಲೆಟ್ ಹಂಚಿದ ಹಾಗೇ.

1936ರಲ್ಲಿ ಸಾಲ್ ರೋಸೆನ್‌ಜ್ವೈಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಒಂದು ಪುಟ್ಟ ಲೇಖನ ಬರೆದ. ಇಷ್ಟು ಬೇರೆ ಬೇರೆ ಸಿದ್ಧಾಂತದವರೆಲ್ಲರ ಬಳಿಯೂ ರೋಗಿಗಳು ಗುಣವಾಗುತ್ತಿದ್ದಾರೆ ಎಂದರೆ, ಇವರೆಲ್ಲರೂ ತಮಗೆ ಗೊತ್ತಿಲ್ಲದೆ ಮಾಡುತ್ತಿರುವ ಯಾವುದೋ ಸಮಾನ ಕೆಲಸವೇ ಔಷಧಿಯಾಗಿರಬೇಕಲ್ಲವೇ ಎಂಬುದು ಅವನ ವಾದ. ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕಥೆಯಲ್ಲಿ ಡೋಡೋ ಎಂಬ ಹಕ್ಕಿ ಓಟದ ಪಂದ್ಯ ಇಟ್ಟು, ಕೊನೆಗೆ ಎಲ್ಲರಿಗೂ ಬಹುಮಾನ ಹಂಚುತ್ತದೆ. ರೋಸೆನ್‌ಜ್ವೈಗ್ ಆ ಹಕ್ಕಿಯನ್ನು ನೆನಪಿಸಿದ್ದರಿಂದ ಈ ಅಭಿಪ್ರಾಯಕ್ಕೆ ‘ಡೋಡೋ ತೀರ್ಪು’ ಎಂದೇ ಹೆಸರು ಬಿತ್ತು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದರು. ಥೆರಪಿ ಪಡೆದ ಸಾಮಾನ್ಯ ವ್ಯಕ್ತಿ, ಪಡೆಯದ ಗುಂಪಿನ ನೂರರಲ್ಲಿ 75 ಜನರಿಗಿಂತ ಚೆನ್ನಾಗಿದ್ದ. ಪಂಥ ಪಂಥಗಳ ನಡುವಿನ ವ್ಯತ್ಯಾಸ ಮಾತ್ರ ತೀರಾ ಕಡಿಮೆ.

ಅಂದರೆ ಕಟ್ಟೆಯ ಹಿರಿಯರಿಗೆ ಉತ್ತರ: ಹೌದು, ಕಡಿಮೆ ಆಗುತ್ತದೆ. ಎಲ್ಲರಿಗೂ ಅಲ್ಲ, ಯಾವಾಗಲೂ ಅಲ್ಲ, ಆದರೆ ಸುಮ್ಮನಿರುವುದಕ್ಕಿಂತ ಖಂಡಿತ ಹೆಚ್ಚು.

ಕಾಲೇಜಿನವರಿಗೆ ಇಷ್ಟವಾಗುವ ಇನ್ನೊಂದು ಪ್ರಯೋಗವಿದೆ. 1979ರಲ್ಲಿ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಹ್ಯಾನ್ಸ್ ಸ್ಟ್ರಪ್ ಮತ್ತು ಸುಝೇನ್ ಹ್ಯಾಡ್ಲಿ, ಖಿನ್ನತೆ ಮತ್ತು ಆತಂಕದಿಂದ ಬಳಲುತ್ತಿದ್ದ ಕಾಲೇಜು ಹುಡುಗರಲ್ಲಿ ಕೆಲವರನ್ನು ನುರಿತ ಥೆರಪಿಸ್ಟ್‌ಗಳ ಬಳಿ, ಕೆಲವರನ್ನು ಬೇರೆ ವಿಷಯಗಳ ಪ್ರೊಫೆಸರ್‌ಗಳ ಬಳಿ ಕಳಿಸಿದರು. ಈ ಪ್ರೊಫೆಸರ್‌ಗಳಿಗೆ ಥೆರಪಿ ತರಬೇತಿ ಇರಲಿಲ್ಲ. ವಿದ್ಯಾರ್ಥಿಗಳೊಂದಿಗೆ ಆತ್ಮೀಯವಾಗಿ ಮಾತಾಡುತ್ತಾರೆ ಎಂಬ ಒಳ್ಳೆಯ ಹೆಸರಿತ್ತು, ಅಷ್ಟೇ. ಸರಾಸರಿ ಫಲಿತಾಂಶ ಎರಡೂ ಕಡೆ ಹೆಚ್ಚುಕಡಿಮೆ ಒಂದೇ! ನಿಮ್ಮ ಕಾಲೇಜಿನಲ್ಲೂ ಅಂಥ ಒಬ್ಬರು ಮೇಷ್ಟ್ರೋ ಮೇಡಮ್ಮೋ ಇರುತ್ತಾರೆ. ಸ್ಟಾಫ್‌ರೂಮಿನ ಹೊರಗೆ ಅವರಿಗಾಗಿ ಹುಡುಗರು ಕಾಯುತ್ತಿರುತ್ತಾರೆ ನೋಡಿ, ಅವರೇ.

ಹುಲಿಗಿಯ ಮಂಗಳವಾರ

ಹಾಗಾದರೆ ಎಲ್ಲ ಕಡೆ ಇರುವ ಆ ಸಮಾನ ಅಂಶ ಯಾವುದು? ಜೆರೋಮ್ ಫ್ರ್ಯಾಂಕ್ ಎಂಬ ಮನೋವೈದ್ಯ 1961ರಲ್ಲಿ ಒಂದು ಪುಸ್ತಕ ಬರೆದು, ಆಧುನಿಕ ಥೆರಪಿಯನ್ನೂ ಮಂತ್ರವಾದಿ, ಪೂಜಾರಿಗಳ ಚಿಕಿತ್ಸೆಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ. ಬಳಲುವವನಿಗೆ ನಂಬಿಕೆ ಹುಟ್ಟಿಸುವ ಒಬ್ಬ ವ್ಯಕ್ತಿ, ಅದಕ್ಕೆಂದೇ ಇರುವ ಒಂದು ಜಾಗ, ‘ನಿನಗೆ ಹೀಗಾಗಿದ್ದು ಇದರಿಂದ’ ಎಂಬ ಒಪ್ಪಬಹುದಾದ ವಿವರಣೆ, ಆ ವಿವರಣೆಗೆ ತಕ್ಕಂತೆ ಇಬ್ಬರೂ ಸೇರಿ ಮಾಡುವ ಒಂದು ಕೆಲಸ. ಈ ನಾಲ್ಕೂ ಎರಡೂ ಕಡೆ ಇವೆ ಎಂದ.

ಇದನ್ನು ಓದಿದಾಗ ನನಗೆ ತಕ್ಷಣ ಕಣ್ಣ ಮುಂದೆ ಬಂದದ್ದು ಹುಲಿಗಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗೆ ಹುಲಿಗೆಮ್ಮನ ಗುಡಿಗೆ ಬರುವವರೆಲ್ಲ ಬರೀ ಹರಕೆ ತೀರಿಸಲು ಬರುವುದಿಲ್ಲ. ನಿದ್ದೆ ಬಾರದವರು, ಮೈಮೇಲೆ ಬರುವವರು, ಮನೆಯಲ್ಲಿ ಮಾತು ಬಿಟ್ಟ ಸೊಸೆಯಂದಿರು ಬರುತ್ತಾರೆ. ಇನ್ನೂ ದೂರದ ಗಾಣಗಾಪುರಕ್ಕೂ ಹೋಗುತ್ತಾರೆ. ಇದನ್ನು ಮೂಢನಂಬಿಕೆ ಎಂದು ಒಂದೇ ಮಾತಲ್ಲಿ ಮುಗಿಸುವವರಿಗೆ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರ ಅಧ್ಯಯನ ನೆನಪಿಸಬೇಕು. ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ಉಳಿದುಕೊಂಡಿದ್ದ 31 ಮಾನಸಿಕ ರೋಗಿಗಳನ್ನು ಅವರು ಗಮನಿಸಿದರು. ಅಲ್ಲಿ ಮಾತ್ರೆಯಿಲ್ಲ, ಹೊಡೆತವಿಲ್ಲ. ಬೆಳಿಗ್ಗೆ ಪೂಜೆ, ಮನೆಯವರು ಜೊತೆಗೆ, ಗುಡಿಯ ಸಣ್ಣಪುಟ್ಟ ಕೆಲಸ. ಸರಾಸರಿ ಆರು ವಾರದ ವಾಸದ ನಂತರ ರೋಗಲಕ್ಷಣಗಳ ಅಂಕ ಸುಮಾರು ಶೇ 20ರಷ್ಟು ಇಳಿದಿತ್ತು. 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ಪ್ರಕಟಿಸಿತು.

ಆದರೆ ಇದರ ಹಿಂದಿನ ವರ್ಷ, ಅದೇ ರಾಜ್ಯದ ಎರ್ವಾಡಿಯಲ್ಲಿ, ಧಾರ್ಮಿಕ ಕೇಂದ್ರದ ಸುತ್ತ ನಡೆಯುತ್ತಿದ್ದ ಒಂದು ಖಾಸಗಿ ಆಶ್ರಯದಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿ ಬಿಗಿದಿದ್ದ 28 ಮಂದಿ ಓಡಲಾಗದೆ ಸುಟ್ಟುಹೋದರು. ಗುಡಿಯಲ್ಲಿ ಸಿಕ್ಕ ಗೌರವ ಮತ್ತು ಆಸರೆ ವಾಸಿ ಮಾಡುತ್ತದೆ. ಸರಪಳಿ, ಬೆತ್ತ, ಹೊಗೆ ವಾಸಿ ಮಾಡುವುದಿಲ್ಲ. ನಂಬಿಕೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಮನುಷ್ಯನನ್ನು ಅಲ್ಲಿ ಹೇಗೆ ನಡೆಸಿಕೊಳ್ಳುತ್ತಾರೆ ಎಂದು ನೋಡುವುದು ಮುಖ್ಯ ಎಂದು ನನಗನ್ನಿಸುತ್ತದೆ.

ರೂಮ್‌ಮೇಟ್ ಕಥೆ

ಕೊಪ್ಪಳದಲ್ಲಿ ನನ್ನ ಜೊತೆ ರೂಮಿನಲ್ಲಿದ್ದವನು ಕುಷ್ಟಗಿ ತಾಲ್ಲೂಕಿನ ಹುಡುಗ. ಮನೆಯಲ್ಲಿ ಒಣಬೇಸಾಯ, ಮಳೆ ಹೋದರೆ ಅಣ್ಣ ಅತ್ತಿಗೆ ಮಂಗಳೂರಿಗೆ ದುಡಿಯಲು ಹೋಗುತ್ತಾರೆ. ಇವನು 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಬರೆದಿದ್ದ. 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ 2022ರ ಏಪ್ರಿಲ್‌ನಲ್ಲಿ ರದ್ದಾಯಿತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಆ ನಡುವಿನ ಕಾಲವನ್ನು ಬೆಂಗಳೂರಿನವರು ಸುದ್ದಿಯಾಗಿ ಓದಿದರು, ನಮ್ಮ ರೂಮುಗಳು ಅನುಭವಿಸಿದವು. ಅವನು ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದ. ಗ್ರೌಂಡಿಗೆ ಓಡಲು ಹೋಗುವುದನ್ನು ಬಿಟ್ಟ, ಆಮೇಲೆ ಊಟಕ್ಕೆ ಬರುವುದನ್ನೂ ಬಿಟ್ಟ. ಕೇಳಿದರೆ ‘ಚಿಂತಿ ಹತ್ತೇತಿ’ ಎನ್ನುತ್ತಿದ್ದ.

ಅವ್ವನ ಒತ್ತಾಯಕ್ಕೆ ಹುಲಿಗಿಗೆ ಹೋಗಿ ಬಂದ. ನಾಲ್ಕು ದಿನ ಹಗುರಾಗಿದ್ದ. ಆಮೇಲೆ ಯಾರೋ ಹೇಳಿದರೆಂದು ದೊಡ್ಡ ಊರಿನ ಒಂದು ಖಾಸಗಿ ಕೌನ್ಸೆಲಿಂಗ್ ಕೇಂದ್ರಕ್ಕೆ ಹೋದ. ಬಸ್ ಚಾರ್ಜು, ಫೀಸು ಸೇರಿ ಒಂದು ತಿಂಗಳ ಮೆಸ್ ಬಿಲ್ಲಿನಷ್ಟು ಖರ್ಚು. ಅಲ್ಲಿದ್ದವರು ನಡುನಡುವೆ ಮೊಬೈಲ್ ನೋಡುತ್ತಾ, ‘ನೆಗೆಟಿವ್ ಯೋಚನೆ ಬಿಡಿ, ಪಾಸಿಟಿವ್ ಆಗಿರಿ, ಇದಕ್ಕೆ ಸಿಬಿಟಿ ಅಂತಾರೆ’ ಎಂದರಂತೆ. ವಾಪಸ್ ಬಂದವನು ಹೇಳಿದ್ದು: ‘ಎಕ್ಸಾಮ್ ರದ್ದಾಗಿದ್ದು ಖರೇ ಐತಲ್ಲಪಾ, ಅದನ್ನ ಹೆಂಗ ಪಾಸಿಟಿವ್ ಮಾಡಲಿ?’

ಅವನು ಹೇಳಿದ್ದು ಸರಿ. ಬೆಕ್ ಹೇಳಿದ ಸಿಬಿಟಿಯಲ್ಲಿ ಸುಳ್ಳು ಸಮಾಧಾನಕ್ಕೆ ಜಾಗವಿಲ್ಲ. ‘ಪರೀಕ್ಷೆ ರದ್ದಾಯಿತು’ ಎಂಬುದು ಸತ್ಯ. ‘ಆದ್ದರಿಂದ ನಾನು ಯಾವುದಕ್ಕೂ ಲಾಯಕ್ಕಿಲ್ಲ’ ಎಂಬುದು ಅದಕ್ಕೆ ಮನಸ್ಸು ಅಂಟಿಸಿದ ಬಾಲ. ಆ ಬಾಲಕ್ಕೆ ಪುರಾವೆ ಎಲ್ಲಿದೆ ಎಂದು ಇಬ್ಬರೂ ಕೂತು ಹುಡುಕುವುದೇ ಸಿಬಿಟಿ. ವಿವರಣೆ ಎಷ್ಟೇ ವೈಜ್ಞಾನಿಕವಾಗಿರಲಿ, ಎದುರಿಗೆ ಕೂತವನಿಗೆ ಅದು ತನ್ನದು ಅನ್ನಿಸದಿದ್ದರೆ ಕೆಲಸ ಮಾಡುವುದಿಲ್ಲ.

ಕೊನೆಗೆ ಅವನಿಗೆ ದಾರಿ ಸಿಕ್ಕಿದ್ದು ಸರ್ಕಾರಿ ಆಸ್ಪತ್ರೆಯ ಒಬ್ಬ ಆಪ್ತ ಸಮಾಲೋಚಕಿಯಿಂದ. ಅವರು ಮೊದಲ ದಿನ ಅರ್ಧ ಗಂಟೆ ಕೇಳಿಸಿಕೊಂಡರು, ಅಷ್ಟೇ. ಎರಡನೇ ಸಲ ಒಂದು ಹಾಳೆ ಕೊಟ್ಟು, ದಿನದಲ್ಲಿ ಏನು ಮಾಡುತ್ತೀಯ, ಆಗ ಮನಸ್ಸು ಹೇಗಿರುತ್ತದೆ ಎಂದು ಬರೆದು ತರಲು ಹೇಳಿದರು. ಮೂರನೇ ಸಲ ಆ ಹಾಳೆ ನೋಡಿ, ‘ಓಡಿದ ದಿನ ನಿದ್ದೆ ಬಂದಿದೆಯಲ್ಲ’ ಎಂದರು. ಅಲ್ಲಿಂದ ಬೆಳಿಗ್ಗೆ ಆರಕ್ಕೆ ಗ್ರೌಂಡು, ಹತ್ತಕ್ಕೆ ಲೈಬ್ರರಿ. ಮನಸ್ಸು ಬರಲಿ ಬಿಡಲಿ, ಹೋಗಬೇಕು. ಪ್ರತಿ ಸಲ ಹೋದಾಗಲೂ ಮೊದಲು ಕೇಳುತ್ತಿದ್ದದ್ದು, ‘ಹೋದ ವಾರ ನಾವು ಮಾಡಿದ್ದು ಉಪಯೋಗ ಆಯ್ತಾ, ಇಲ್ವಾ? ಇಲ್ಲ ಅಂದ್ರೆ ಹೇಳು, ಬೇರೆ ಮಾಡೋಣ.’ ಎರಡು ತಿಂಗಳಲ್ಲಿ ಅವನು ಮೆಸ್ಸಿಗೆ ಬರತೊಡಗಿದ, ನನ್ನ ಚಪಾತಿಗೂ ಕೈ ಹಾಕತೊಡಗಿದ. ನೌಕರಿ ಇನ್ನೂ ಆಗಿಲ್ಲ. ನಿದ್ದೆ ಆಗುತ್ತಿದೆ.

ಆ ಸಮಾಲೋಚಕಿ ಮಾಡಿದ್ದಕ್ಕೆ ಪುಸ್ತಕದಲ್ಲಿ ‘ಬಿಹೇವಿಯರಲ್ ಆಕ್ಟಿವೇಶನ್’ ಎನ್ನುತ್ತಾರೆ. ಬಿಟ್ಟ ಕೆಲಸಗಳಿಗೆ ಒಂದೊಂದಾಗಿ ಮರಳಿಸುವುದು. 1996ರಲ್ಲಿ ನೀಲ್ ಜೇಕಬ್‌ಸನ್ ತಂಡ ಸಿಬಿಟಿಯನ್ನು ಬಿಡಿಭಾಗಗಳಾಗಿ ಬಿಚ್ಚಿ ಖಿನ್ನತೆಯ ರೋಗಿಗಳ ಮೇಲೆ ಪರೀಕ್ಷಿಸಿದಾಗ, ಈ ಒಂದು ಭಾಗ ಮಾತ್ರ ಪಡೆದವರೂ ಪೂರ್ತಿ ಸಿಬಿಟಿ ಪಡೆದವರಷ್ಟೇ ಸುಧಾರಿಸಿದರು. ನಮ್ಮ ನೆರೆಯ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ‘ಸಂಗಾತ್’ ಸಂಸ್ಥೆ ಇದನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ದಿತು. ಮೊದಲು ಈ ಕ್ಷೇತ್ರದ ಗಂಧಗಾಳಿ ಇಲ್ಲದಿದ್ದ ಸ್ಥಳೀಯರಿಗೆ ತರಬೇತಿ ಕೊಟ್ಟು, ತೀವ್ರ ಖಿನ್ನತೆಯವರೊಂದಿಗೆ ಆರರಿಂದ ಎಂಟು ಭೇಟಿ ಮಾಡಿಸಿದರು. 2017ರ ಲ್ಯಾನ್ಸೆಟ್ ವರದಿಯ ಪ್ರಕಾರ, ಮೂರು ತಿಂಗಳ ನಂತರ ಇವರಲ್ಲಿ ಶೇ 64 ಮಂದಿ ಚೇತರಿಸಿಕೊಂಡಿದ್ದರು. ಮಾಮೂಲಿ ಆರೈಕೆಯ ಗುಂಪಿನಲ್ಲಿ ಶೇ 39.

ಜಿಂಬಾಬ್ವೆಯ ಕಥೆ ಇನ್ನೂ ಹತ್ತಿರದ್ದು. ಅಲ್ಲಿನ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರ ಒಬ್ಬ ಯುವ ರೋಗಿ, ಆಸ್ಪತ್ರೆಗೆ ಬರಲು ಬಸ್ಸಿಗೆ ದುಡ್ಡಿಲ್ಲದೆ ಜೀವ ಕಳೆದುಕೊಂಡಳು. ಆಮೇಲೆ ಅವರು 2006ರಲ್ಲಿ ಹರಾರೆಯ ಒಂದು ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ಕಿನ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದರು. ಅಜ್ಜಿಯರು ಡಿಪ್ರೆಷನ್ ಎಂಬ ಪದ ಬಳಸುವುದಿಲ್ಲ. ‘ಕುಫುಂಗಿಸಿಸ’ ಎನ್ನುತ್ತಾರೆ, ಅಂದರೆ ಅತಿಯಾಗಿ ಯೋಚಿಸುವುದು. ನಮ್ಮ ‘ಚಿಂತಿ ಹತ್ತೇತಿ’ ಅಲ್ಲವೇ ಇದು? ಇರುವ ಸಮಸ್ಯೆಗಳಲ್ಲಿ ಒಂದನ್ನು ಆರಿಸಿ, ಈ ವಾರ ಅದಕ್ಕೆ ಏನು ಮಾಡಬಹುದು ಎಂದು ಅಜ್ಜಿ ಜೊತೆ ಗೊತ್ತು ಮಾಡಿಕೊಂಡು ಹೋಗುವುದು, ಆರು ಭೇಟಿ. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆರು ತಿಂಗಳ ನಂತರ ಖಿನ್ನತೆಯ ಲಕ್ಷಣ ಉಳಿದಿದ್ದದ್ದು ಬೆಂಚಿನ ಗುಂಪಿನಲ್ಲಿ ನೂರಕ್ಕೆ ಸುಮಾರು 14, ಇನ್ನೊಂದು ಗುಂಪಿನಲ್ಲಿ ಸುಮಾರು 50.

ಆದರೆ ಪ್ರೀತಿಯೇ ಸಾಕಾಗದ ಜಾಗ

ಇಷ್ಟು ಓದಿ, ‘ಸರಿ ಬಿಡು, ಒಳ್ಳೇ ಗೆಳೆಯ ಇದ್ರೆ ಸಾಕು’ ಎನ್ನಬೇಡಿ. ಡೋಡೋ ತೀರ್ಪು ಎಲ್ಲ ಕಾಯಿಲೆಗೂ ಅನ್ವಯಿಸುವುದಿಲ್ಲ, ಅದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಗೀಳು ಕಾಯಿಲೆಯನ್ನೇ ತೆಗೆದುಕೊಳ್ಳಿ. ಹಾಸ್ಟೆಲಿನಲ್ಲಿ ಒಬ್ಬಳು ರೂಮಿಗೆ ಬೀಗ ಹಾಕಿದೆನಾ ಎಂದು ಹತ್ತು ಸಲ ತಿರುಗಿ ಹೋಗುತ್ತಾಳೆ, ಅಥವಾ ಕೈ ತೊಳೆದು ತೊಳೆದು ಚರ್ಮ ಬಿರಿದಿದೆ. ಪ್ರೀತಿಯ ಗೆಳತಿ ಏನು ಮಾಡುತ್ತಾಳೆ? ‘ಹಾಕಿದ್ದೀ ಮಾರಾಯ್ತಿ, ನಾನೇ ನೋಡೀನಿ’ ಎಂದು ಸಮಾಧಾನ ಹೇಳುತ್ತಾಳೆ. ಪ್ರತಿ ಸಮಾಧಾನವೂ ಗೀಳಿಗೆ ಹಾಕಿದ ಗೊಬ್ಬರ. 1966ರಲ್ಲಿ ವಿಕ್ಟರ್ ಮೇಯರ್ ಲಂಡನ್ನಿನಲ್ಲಿ ಇದಕ್ಕೆ ತಿರುಗುಮುರುಗಾದ ದಾರಿ ತೋರಿಸಿದ: ಭಯ ಹುಟ್ಟಿಸುವ ವಸ್ತುವಿನ ಎದುರು ನಿಲ್ಲಿಸುವುದು, ತೊಳೆಯಲು, ಪರೀಕ್ಷಿಸಲು ಬಿಡದಿರುವುದು, ಆತಂಕ ತಾನೇ ಇಳಿಯುವ ತನಕ ಜೊತೆಗಿರುವುದು. ಇದಕ್ಕೆ ತರಬೇತಿ ಬೇಕು. ವಿಪರೀತ ಹೆದರಿಕೆ, ಪ್ಯಾನಿಕ್ ಇವುಗಳಲ್ಲೂ ಹೀಗೇ. ಇನ್ನು ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆಗಳಲ್ಲಿ ಔಷಧಿ ಬಿಟ್ಟು ಬರೀ ಮಾತನ್ನು ನಂಬುವುದು ಅಪಾಯ.

ನಮ್ಮ ಪಕ್ಕದ ಬಳ್ಳಾರಿ

ಒಂದು ವಿಷಯ ನಮ್ಮ ಕಡೆಯವರಿಗೇ ಗೊತ್ತಿಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿದ್ದು ನಮ್ಮ ನೆರೆಯಲ್ಲೇ. 1985ರಿಂದ 1990ರವರೆಗೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಸಾಧ್ಯ ಎಂದು ತೋರಿಸಿತು. ‘ಬಳ್ಳಾರಿ ಮಾದರಿ’ಯ ಮೇಲೆಯೇ 1996ರಲ್ಲಿ ರಾಷ್ಟ್ರೀಯ ಯೋಜನೆ ಶುರುವಾಯಿತು. ಅದರಿಂದ ಮಾತ್ರೆ ಹಳ್ಳಿಗೆ ಬಂತು. ಮಾತು ಅಷ್ಟಾಗಿ ಬರಲಿಲ್ಲ ಎಂಬುದು ನನ್ನ ಬೇಸರ. ನೂರು ಜನ ಸಾಲು ನಿಂತಿರುವ ಒಪಿಡಿಯಲ್ಲಿ ವೈದ್ಯರು ಯಾರಿಗೆ ಅಂತ ಅರ್ಧ ಗಂಟೆ ಕಿವಿ ಕೊಡಬೇಕು? 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆ, ಆತಂಕದಂಥ ಸಾಮಾನ್ಯ ತೊಂದರೆ ಇರುವವರಲ್ಲಿ ಶೇ 85ರಷ್ಟು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಹಾಗಂತ ಏನೂ ಇಲ್ಲ ಎಂದಲ್ಲ. ‘ಮನೋಚೈತನ್ಯ’ ಯೋಜನೆಯಡಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಸರದಿಯ ಮೇಲೆ ಬರುವ ಏರ್ಪಾಡಿದೆ. ಹುಲಿಗೆಮ್ಮನ ವಾರವೂ ಅದೇ, ಕಾಕತಾಳೀಯ! ನಿಮ್ಮ ತಾಲ್ಲೂಕಿನ ಸರದಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಂಡು ಹೋಗಿ, ಬಸ್ ಚಾರ್ಜು ಉಳಿಯುತ್ತದೆ. ಜಿಲ್ಲಾ ಕ್ರೀಡಾಂಗಣದಲ್ಲಿ ‘ಯುವ ಸ್ಪಂದನ’ ಕೇಂದ್ರವಿದೆ. ಯುವಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್ ಸೇರಿ ನಡೆಸುವ ಇದರಲ್ಲಿ ತರಬೇತಿ ಪಡೆದ ನಮ್ಮ ಜಿಲ್ಲೆಯ ಯುವಕ ಯುವತಿಯರೇ ಮಾತಿಗೆ ಸಿಗುತ್ತಾರೆ. ಹರಾರೆಯ ಬೆಂಚಿಗೆ ಸ್ವಲ್ಪ ಹತ್ತಿರದ ವ್ಯವಸ್ಥೆ ಎಂದರೆ ಇದೇ. ಹೊರಗೆ ಹೋಗಲು ಆಗದವರಿಗೆ, ಅದರಲ್ಲೂ ಮನೆಯಲ್ಲಿ ಹತ್ತು ಪ್ರಶ್ನೆ ಎದುರಿಸಬೇಕಾದ ಹುಡುಗಿಯರಿಗೆ, 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮನಸ್ ಇದೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಮಂಗಳವಾರಕ್ಕೆ ಕಾಯಬೇಡಿ. ಈಗಲೇ ಈ ನಂಬರಿಗೆ ಕರೆ ಮಾಡಿ, ಪಕ್ಕದ ರೂಮಿನವರಿಗೂ ಹೇಳಿ.

ಸಮಾಲೋಚಕರ ಬಳಿ ಹೋದ ಮೇಲೆ ಯಾವ ಥೆರಪಿ ಎಂದು ಗೂಗಲ್ ಮಾಡುವುದಕ್ಕಿಂತ, ನಿಮ್ಮನ್ನೇ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಇವರ ಎದುರು ನಾಚಿಕೆಯಿಲ್ಲದೆ ಹೇಳಬಲ್ಲೆನಾ? ಇವರು ಕೊಟ್ಟ ವಿವರಣೆ ನನ್ನ ಬದುಕಿಗೆ ಹೊಂದುತ್ತದಾ? ಮುಂದಿನ ಭೇಟಿಯ ತನಕ ನಾನು ಮಾಡಬೇಕಾದ್ದು ಏನಾದರೂ ಇದೆಯಾ? ಉಪಯೋಗ ಆಗುತ್ತಿಲ್ಲ ಎಂದರೆ ಅವರು ಕೇಳಿಸಿಕೊಳ್ಳುತ್ತಾರಾ? ನಾಲ್ಕೈದು ಭೇಟಿಯ ನಂತರವೂ ಎಲ್ಲದಕ್ಕೂ ‘ಇಲ್ಲ’ ಎಂದಾದರೆ ಬೇರೆಯವರನ್ನು ನೋಡಿ. ಒಬ್ಬರು ಸರಿಹೋಗಲಿಲ್ಲ ಎಂದು ಥೆರಪಿಯನ್ನೇ ಬಿಡುವುದು, ಒಬ್ಬ ಮೇಷ್ಟ್ರು ಸರಿಯಿಲ್ಲ ಎಂದು ಗಣಿತವನ್ನೇ ಬಿಟ್ಟಂತೆ.

ನೌಕರಿ ಹುಡುಕುವವರು ನನ್ನ ಬಳಿ ಕೊನೆಗೆ ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ: ‘ಅಲ್ಲಿ ಹೆಸರು ಬರೆಸಿದ್ರ ನಾಳೆ ನೌಕರಿಗೆ ತ್ರಾಸ ಆಗ್ತೈತೇನು?’ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಪ್ರಕಾರ ನಿಮ್ಮ ಮಾನಸಿಕ ಆರೋಗ್ಯ, ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡಿಸುವುದು ನಿಮ್ಮ ಹಕ್ಕು. ಜೀವಕ್ಕೆ ಅಪಾಯವಿರುವಂಥ ಕೆಲವೇ ಸಂದರ್ಭ ಬಿಟ್ಟರೆ, ಅದನ್ನು ಆಸ್ಪತ್ರೆಯವರು ಹೊರಗಿನವರಿಗೆ ಹೇಳುವಂತಿಲ್ಲ. ಮೊದಲ ಭೇಟಿಯಲ್ಲೇ ಈ ವಿಷಯ ಅವರ ಬಾಯಿಂದ ಕೇಳಿಸಿಕೊಳ್ಳಿ, ಆಮೇಲೆ ಮಾತು ಶುರು ಮಾಡಿ.